ನೀಲಿ ನೀರಿನ ಲೆಕ್ಕ

ಸಕಲೇಶಪುರದ ಕಡೆಯೋ ಮೂಡಿಗೆರೆಯ ಕಡೆಯೋ ಹೋಮ್‌ಸ್ಟೇಗೆ ಹೋದವರು ಈಜುಕೊಳದ ಅಂಚಿಗೆ ಬಂದು ಮೂಗು ಮುಚ್ಚಿಕೊಂಡು ಹೇಳುವ ಮಾತು ಒಂದೇ: ‘ಅಬ್ಬಾ, ಎಷ್ಟು ಕ್ಲೋರಿನ್ ಸುರಿದಿದ್ದಾರೆ!’ ಮಾಲೀಕರಿಗೆ ಮುಜುಗರ. ಕೆಲಸದ ಹುಡುಗನನ್ನು ಕರೆದು, ನಾಳೆಯಿಂದ ಸ್ವಲ್ಪ ಕಡಿಮೆ ಹಾಕು ಎನ್ನುತ್ತಾರೆ. ಅತಿಥಿಗೆ ಸಮಾಧಾನ, ಮಾಲೀಕರಿಗೆ ಖರ್ಚು ಉಳಿತಾಯ. ಕೆಡುವುದು ನೀರು ಮಾತ್ರ. ಏಕೆಂದರೆ ಆ ಘಾಟು ಕ್ಲೋರಿನ್ ಹೆಚ್ಚಾಗಿದೆ ಎಂದು ಹೇಳುತ್ತಿಲ್ಲ, ಸಾಲುತ್ತಿಲ್ಲ ಎಂದು ಹೇಳುತ್ತಿದೆ. ಸರಿಯಾಗಿ ಕ್ಲೋರಿನ್ ಇರುವ ಕೊಳಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇರುವುದಿಲ್ಲ.

ನೀರಿಗೆ ಬಿದ್ದ ಕ್ಲೋರಿನ್ನಿಗೆ ಎದುರಾಗುವುದು ಬರೀ ರೋಗಾಣುಗಳಲ್ಲ. ಬೆವರು, ಮೂತ್ರ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನು, ಗಾಳಿಗೆ ಉದುರಿದ ಸಿಲ್ವರ್ ಓಕ್ ಎಲೆ, ಎಲ್ಲವೂ ಅದರ ಪಾಲಿಗೆ ಕೆಲಸವೇ. ಬೆವರು, ಮೂತ್ರಗಳಲ್ಲಿರುವ ಸಾರಜನಕದ ಸಂಯುಕ್ತಗಳನ್ನು ಅದು ಕೂಡಿಕೊಂಡಾಗ ಕ್ಲೋರಮೈನ್‌ಗಳು ಹುಟ್ಟುತ್ತವೆ. ಅವುಗಳಲ್ಲಿ ಟ್ರೈಕ್ಲೋರಮೈನ್ ಎಂಬುದು ನೀರಲ್ಲಿ ನಿಲ್ಲದೆ ಮೇಲಕ್ಕೆ ಎದ್ದು, ನೀರಿನ ಮೇಲ್ಮೈಗೆ ತಾಗಿಕೊಂಡ ಗಾಳಿಯಲ್ಲಿ, ಅಂದರೆ ಈಜುವವರ ಮೂಗಿನ ಮಟ್ಟದಲ್ಲೇ ಸುಳಿದಾಡುತ್ತದೆ. ಕಣ್ಣು ಕೆಂಪಾಗುವುದು, ಗಂಟಲು ಕೆರೆಯುವುದು, ಆಸ್ತಮಾ ಇದ್ದ ಮಕ್ಕಳಿಗೆ ಕೆಮ್ಮು ಬರುವುದು ಬಹುಪಾಲು ಇದರಿಂದ. 2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಜಾಣ ಉಪಾಯದಿಂದ ಕೊಳಗಳ ಗುಟ್ಟು ಹೊರಗೆಳೆದರು. ಡಬ್ಬಿ ತಿನಿಸು, ತಂಪು ಪಾನೀಯಗಳಲ್ಲಿ ಬಳಸುವ ಒಂದು ಕೃತಕ ಸಿಹಿ ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗದೆ ಮೂತ್ರದಲ್ಲಿ ಹಾಗೇ ಹೊರಬರುತ್ತದೆ. ಕೊಳದ ನೀರಿನಲ್ಲಿ ಅದನ್ನು ಅಳೆದು, ಸುಮಾರು 8 ಲಕ್ಷ 30 ಸಾವಿರ ಲೀಟರಿನ ಒಂದು ಸಾರ್ವಜನಿಕ ಕೊಳದಲ್ಲಿ 75 ಲೀಟರಿನಷ್ಟು ಮೂತ್ರ ಇದೆ ಎಂದು ಅಂದಾಜು ಮಾಡಿದರು. ಕೆನಡಾದವರು ಮಾತ್ರ ಹೀಗೆ ಎಂದು ನಾವು ನಗಬೇಕಾಗಿಲ್ಲ. ಕೊಳಕ್ಕೆ ಇಳಿಯುವ ಮುನ್ನ ಸಾಬೂನು ಹಚ್ಚಿ ಸ್ನಾನ ಮಾಡಿ ಎಂಬ ಫಲಕವನ್ನು ನಮ್ಮಲ್ಲಿ ಓದುವವರಿದ್ದಾರೆ, ಪಾಲಿಸುವವರನ್ನು ಹುಡುಕಬೇಕು.

ಹಾಗಾಗಿ ಕೊಳದ ಲೆಕ್ಕದಲ್ಲಿ ಎಷ್ಟು ಹಾಕಿದೆವು ಎನ್ನುವುದು ದೊಡ್ಡ ಮಾತಲ್ಲ. ಸಂಬಳ ಎಷ್ಟು ಬಂತು ಎನ್ನುವುದಕ್ಕಿಂತ ಎಲ್ಲ ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿಯಿತು ಎನ್ನುವುದೇ ಮುಖ್ಯವಾದ ಹಾಗೆ, ಕಾದಾಟವೆಲ್ಲ ಮುಗಿದ ಮೇಲೂ ನೀರಿನಲ್ಲಿ ಕೆಲಸಕ್ಕೆ ಸಿದ್ಧವಾಗಿ ಎಷ್ಟು ಕ್ಲೋರಿನ್ ಉಳಿದಿದೆ ಎಂಬುದನ್ನು ನೋಡಬೇಕು. ಹೀಗೆ ಉಳಿದದ್ದು ಮುಕ್ತ ಕ್ಲೋರಿನ್. ಕೊಳೆಗೆ ಅಂಟಿಕೊಂಡು ಕೈಕಟ್ಟಿ ಕುಳಿತದ್ದು ಸಂಯುಕ್ತ ಕ್ಲೋರಿನ್. ಮನೆಯ ಕೊಳದಲ್ಲಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ ಇರಬೇಕು, ಅಂದರೆ ಲೀಟರ್ ನೀರಿಗೆ 1ರಿಂದ 3 ಮಿಲಿಗ್ರಾಂ. ಸಂಯುಕ್ತ ಕ್ಲೋರಿನ್ 0.4 ದಾಟಬಾರದು. ದಾಟಿದರೆ ಅದಕ್ಕೆ ಮದ್ದು ಕ್ಲೋರಿನ್ ನಿಲ್ಲಿಸುವುದಲ್ಲ. ಒಂದು ಸಂಜೆ ಈಜುವವರನ್ನೆಲ್ಲ ಹೊರಗೆ ಕಳಿಸಿ, ಸಂಯುಕ್ತ ಕ್ಲೋರಿನ್ ಎಷ್ಟಿದೆಯೋ ಅದರ ಹತ್ತುಪಟ್ಟು ಕ್ಲೋರಿನ್ ಒಮ್ಮೆಲೇ ಹಾಕಿ, ಪಂಪು ಓಡಿಸಿ, ಹೊದಿಕೆ ಇದ್ದರೆ ತೆಗೆದಿಟ್ಟು ಗಾಳಿಯಾಡಲು ಬಿಡುವುದು. ಪೂಲ್ ನೋಡಿಕೊಳ್ಳುವವರು ಇದನ್ನು ‘ಶಾಕ್ ಕೊಡೋದು’ ಎನ್ನುತ್ತಾರೆ. ಅತಿಥಿಯ ದೂರು ಕೇಳಿ ಕ್ಲೋರಿನ್ ಕಡಿಮೆ ಮಾಡಿದವರು ಮಾಡಬೇಕಾಗಿದ್ದುದು ಇದು.

ಒಂದು ಕೊಳವನ್ನೇ ಇಟ್ಟುಕೊಂಡು ನೋಡೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ. ನೀರು 48,000 ಲೀಟರ್. ಅಲ್ಲಿ ಕ್ಲೋರಿನ್ ಮಟ್ಟವನ್ನು 1 ಪಿಪಿಎಂ ಏರಿಸಲು ಬೇಕಾಗುವ ಶುದ್ಧ ಕ್ಲೋರಿನ್ 48 ಗ್ರಾಂ. ಶೇ 10ರ ಸೋಡಿಯಂ ಹೈಪೋಕ್ಲೋರೈಟ್, ಎಲ್ಲರೂ ‘ಹೈಪೋ’ ಎನ್ನುವ ದ್ರವ, ಸುಮಾರು ಅರ್ಧ ಲೀಟರ್ ಸಾಕು. ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಯಾದರೆ 50 ಗ್ರಾಂ ಚಿಲ್ಲರೆ. ಊರ ಕಡೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಮೂರನೆಯ ಒಂದು ಭಾಗವೂ ಇರುವುದು ಕಷ್ಟ, ಆದ್ದರಿಂದ ನೂರೈವತ್ತು ಗ್ರಾಮಿಗಿಂತ ಹೆಚ್ಚು ಬೇಕು, ತಳದಲ್ಲಿ ಸುಣ್ಣದ ಗಸಿ ಬೇರೆ. ಲೆಕ್ಕ ಇಷ್ಟು ಸರಳವಾಗಿದ್ದರೂ ಎಷ್ಟೋ ಕಡೆ ನಡೆಯುವುದು ಬೊಗಸೆಯ ಅಂದಾಜು. ಶನಿವಾರ ಅತಿಥಿಗಳು ಬರುತ್ತಾರೆಂದು ಶುಕ್ರವಾರ ಎರಡು ಬೊಗಸೆ, ಸೋಮವಾರದಿಂದ ಗುರುವಾರದವರೆಗೆ ಏನೂ ಇಲ್ಲ. ಆ ನಾಲ್ಕು ದಿನದಲ್ಲಿ ಪಾಚಿ ತನ್ನ ಸಂಸಾರ ಹೂಡಿರುತ್ತದೆ.

ಬಾವಿಯ ಮಾತು ಬಂತು. ನೆರೆ ಇಳಿದ ಮೇಲೆ, ವಾಂತಿಭೇದಿ ಹರಡಿದಾಗ, ಆರೋಗ್ಯ ಕಾರ್ಯಕರ್ತೆಯರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ನೋಡಿರುವವರಿಗೆ ಕ್ಲೋರಿನ್ ಹೊಸದಲ್ಲ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಒಂದು ಗಂಟೆ ಕಾಯಬೇಕು, ಆಮೇಲೂ ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿರಬೇಕು. ಇದು ನಮ್ಮ ಊರೂರಿನ ಆರೋಗ್ಯ ಕಾರ್ಯಕರ್ತರ ಬಾಯಿಪಾಠ. ಅವರ ಚೀಲದಲ್ಲಿರುವ ಪುಟ್ಟ ಕ್ಲೋರೋಸ್ಕೋಪಿನಲ್ಲಿ ಎರಡು ಹನಿ ದ್ರಾವಣ ಬಿಟ್ಟರೆ ನೀರು ಹಳದಿಯಾಗುತ್ತದೆ, ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಕ್ಲೋರಿನ್ ಮೊದಲು ಬಂದದ್ದೂ ಕುಡಿಯುವ ನೀರಿಗೇ. ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಟೈಫಾಯ್ಡ್ ಹರಡಿದಾಗ ಅಲೆಕ್ಸಾಂಡರ್ ಹ್ಯೂಸ್ಟನ್ ಎಂಬಾತ 1905ರಲ್ಲಿ ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಹಾಕಿಸಿದ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಗೆ ನೀರುಣಿಸುವ ಜಲಾಶಯದಲ್ಲಿ ಜಾನ್ ಲೀಲ್ ಎಂಬ ವೈದ್ಯ ಅದನ್ನೇ ಮಾಡಿದ. ಈಜುಕೊಳಗಳ ಸರದಿ ಬಂದದ್ದು ಅವುಗಳ ಹಿಂದೆಯೇ. ಅಂದರೆ ರೆಸಾರ್ಟಿನ ನೀಲಿ ಕೊಳಕ್ಕೂ ಹಳ್ಳಿಯ ಬಾವಿಗೂ ಪರೀಕ್ಷೆ ಒಂದೇ. ವಿಚಿತ್ರವೆಂದರೆ ಬಾವಿಯನ್ನು ಪರೀಕ್ಷಿಸುವ ಶಿಸ್ತು ಲಕ್ಷಾಂತರ ರೂಪಾಯಿಯ ಕೊಳ ಕಟ್ಟಿಸಿದ ಮನೆಗಳಲ್ಲಿ ಕಾಣುವುದು ಅಪರೂಪ.

ಹಾಕಿದ ಕ್ಲೋರಿನ್ ನೀರಿನಲ್ಲಿ ಇದ್ದೂ ಇಲ್ಲದಂತಾಗುವ ಸಂದರ್ಭಗಳಿವೆ. ಮೊದಲನೆಯದು ಪಿಎಚ್. ನೀರಲ್ಲಿ ಕರಗಿದ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ, ಅದು ಚುರುಕು, ರೋಗಾಣುವಿನ ಗೋಡೆ ದಾಟಿ ಒಳಗೆ ನುಗ್ಗಬಲ್ಲದು. ಇನ್ನೊಂದು ಹೈಪೋಕ್ಲೋರೈಟ್ ಅಯಾನು, ಮಂದಗತಿಯದು. ಪಿಎಚ್ 7.2 ಇದ್ದಾಗ ಮೂರರಲ್ಲಿ ಎರಡು ಭಾಗ ಚುರುಕು ರೂಪದಲ್ಲಿರುತ್ತದೆ, 7.5ರ ಸುಮಾರಿಗೆ ಅರ್ಧಕ್ಕರ್ಧ, 8ಕ್ಕೆ ಏರಿದರೆ ಕಾಲುಭಾಗ ಮಾತ್ರ. ಬಯಲುಸೀಮೆಯ ಬೋರ್‌ವೆಲ್ ನೀರು ಮೊದಲೇ ಗಡಸು, ಕ್ಷಾರೀಯ. ಹೈಪೋ ಕೂಡ ಕ್ಷಾರ. ಮಕ್ಕಳು ನೀರೆರಚಾಡಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ಇನ್ನಷ್ಟು ಏರುತ್ತದೆ. ಆದ್ದರಿಂದ ದೇವನಹಳ್ಳಿ, ಕನಕಪುರ ರಸ್ತೆಯ ತೋಟದ ಮನೆಗಳಲ್ಲಿ ಕ್ಲೋರಿನ್ ಎಷ್ಟು ಸುರಿದರೂ ನೀರು ಮಂಕಾಗಿಯೇ ಇದ್ದರೆ ಮೊದಲು ಪಿಎಚ್ ನೋಡಬೇಕು. ಅದನ್ನು 7.2ರಿಂದ 7.6ರ ನಡುವೆ ತಂದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಬೇರೆ ಫಜೀತಿ. ಕಬ್ಬಿಣದ ಅಂಶವಿರುವ ನೀರನ್ನು ಕೊಳಕ್ಕೆ ತುಂಬಿ ಕ್ಲೋರಿನ್ ಹಾಕಿದ ಮರುಕ್ಷಣ ಇಡೀ ಕೊಳ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಮಾಲೀಕರು ಔಷಧಿ ಕಲಬೆರಕೆ ಎಂದು ಅಂಗಡಿಯವನನ್ನು ಬೈಯುತ್ತಾರೆ. ತಪ್ಪು ಅವನದಲ್ಲ, ಕರಗಿ ಅಡಗಿದ್ದ ಕಬ್ಬಿಣ ತುಕ್ಕಾಗಿ ಹೊರಬಂದದ್ದು.

ಎರಡನೆಯದು ಬಿಸಿಲು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯ ಎನಿಸುವುದು ಇದೇ, ಏಕೆಂದರೆ ಮದ್ದೇ ಇಲ್ಲಿ ರೋಗವಾಗುತ್ತದೆ. ನಡುಹಗಲಿನ ಬಿಸಿಲಿಗೆ ತೆರೆದಿಟ್ಟ ನೀರಿನ ಕ್ಲೋರಿನ್ ಅರ್ಧದಷ್ಟು ಒಂದು ಗಂಟೆಯೊಳಗೇ ಮಾಯ. ಬೆಳಿಗ್ಗೆ 3 ಪಿಪಿಎಂ ಇದ್ದ ಕೊಳ ಊಟದ ಹೊತ್ತಿಗೆ ಬರಿಗೈಯಾಗಿರುತ್ತದೆ, ಮಕ್ಕಳು ನೀರಿಗೆ ಧುಮುಕುವುದೂ ಸರಿಯಾಗಿ ಆಗಲೇ. ಅದಕ್ಕೆಂದು ಸಯನ್ಯೂರಿಕ್ ಆಮ್ಲ ಎಂಬ ಪದಾರ್ಥವನ್ನು ಬೆರೆಸುತ್ತಾರೆ. ಅದು ಕ್ಲೋರಿನ್ನನ್ನು ಸಡಿಲವಾಗಿ ಹಿಡಿದುಕೊಂಡು ಬಿಸಿಲಿನಿಂದ ಕಾಪಾಡುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಸಾಕು. ಟಿಸಿಸಿಎ ಮಾತ್ರೆಗಳಲ್ಲಿ ಇದು ಕ್ಲೋರಿನ್ ಜೊತೆಗೇ ಬಂದುಬಿಡುತ್ತದೆ, ಹಾಗಾಗಿ ಮಾತ್ರೆ ಹಾಕುವವರಿಗೆ ಬೇರೆ ಚಿಂತೆಯೇ ಇರುವುದಿಲ್ಲ. ತೇಲುವ ಡಬ್ಬಿಯಲ್ಲಿ ಮಾತ್ರೆ ಇಟ್ಟು ಬಿಟ್ಟರೆ ವಾರವಿಡೀ ನಿಧಾನವಾಗಿ ಕರಗುತ್ತದೆ. ಸುಖವೋ ಸುಖ.

ಆದರೆ ಕ್ಲೋರಿನ್ ದಿನದಿನವೂ ಖರ್ಚಾಗುತ್ತದೆ, ಸಯನ್ಯೂರಿಕ್ ಆಮ್ಲ ಆಗುವುದಿಲ್ಲ. ಆವಿಯಾಗದು, ಸುಲಭಕ್ಕೆ ಕೊಳೆಯದು, ಫಿಲ್ಟರಿಗೂ ಸಿಗದು. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗ ಜೊತೆಗೆ 6 ಪಿಪಿಎಂ ಆಮ್ಲವೂ ಸೇರುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಡುವ ಕೊಳದಲ್ಲಿ ತಿಂಗಳಿಗೆ 36 ಪಿಪಿಎಂ. ಮಳೆ ಬೀಳದ ಮೂರು ತಿಂಗಳಲ್ಲಿ ನೂರರ ಗಡಿ ದಾಟಿಯಾಯಿತು. ಅಷ್ಟರಲ್ಲಿ ಅದು ಕ್ಲೋರಿನ್ನನ್ನು ಕಾಪಾಡುವುದು ಹೋಗಿ ಅಪ್ಪಿಕೊಂಡು ಬಿಡಲೊಲ್ಲದಂತಾಗಿರುತ್ತದೆ. ಪರೀಕ್ಷೆ ಮಾಡಿದರೆ ಬಣ್ಣ ಚೆನ್ನಾಗಿಯೇ ಬರುತ್ತದೆ, 3 ಪಿಪಿಎಂ ಎನ್ನುತ್ತದೆ, ಗೋಡೆಯ ಮೇಲೆ ಪಾಚಿ ಮಾತ್ರ ನಿರಾತಂಕ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸಾಮಾನ್ಯ ಕೊಳಕ್ಕೆ ಕನಿಷ್ಠ 1 ಪಿಪಿಎಂ ಎಂದರೆ, ಈ ಆಮ್ಲವಿರುವ ಕೊಳಕ್ಕೆ ಕನಿಷ್ಠ 2 ಎಂದು ಹೇಳುವುದು ಈ ಕಾರಣಕ್ಕೇ. ಆಮ್ಲ ಏರಿದರೆ ದಾರಿ ಒಂದೇ, ಸ್ವಲ್ಪ ನೀರು ಹೊರಹಾಕಿ ಹೊಸ ನೀರು ತುಂಬುವುದು. ಮಲೆನಾಡಿನಲ್ಲಿ ಜೂನ್, ಜುಲೈ ಮಳೆ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ, ಬಯಲುಸೀಮೆಗೆ ಆ ಭಾಗ್ಯವಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಮಾತ್ರೆ, ಉಳಿದಂತೆ ಹೈಪೋ ಎಂದು ಹಂಚಿಕೊಳ್ಳುವುದು ನನಗೆ ಕಂಡಂತೆ ಜಾಣತನ. ಹೈಪೋ ಹಾಕುವುದಾದರೆ ಸಂಜೆ ಹಾಕಬೇಕು, ಬಿಸಿಲಿಗೆ ತೆರಿಗೆ ಕಟ್ಟುವುದು ತಪ್ಪುತ್ತದೆ. ಕ್ಯಾನನ್ನು ನೆರಳಿನಲ್ಲಿಡಬೇಕು. ಸೆಕೆಯಲ್ಲಿ ಅದರ ಬಲ ವಾರದಿಂದ ವಾರಕ್ಕೆ ಕುಂದುತ್ತದೆ, ಆಮೇಲೆ ಮೇಲಿನ ಅರ್ಧ ಲೀಟರಿನ ಲೆಕ್ಕ ನಂಬುವಂತಿಲ್ಲ.

ಪಾಚಿ ಕಂಡೊಡನೆ ಮಲೆನಾಡಿನವರ ಕೈ ಹೋಗುವುದು ಮೈಲುತುತ್ತಿಗೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆದು ಗೊತ್ತಿರುವವರಿಗೆ ತಾಮ್ರದ ಗುಣ ತಿಳಿದದ್ದೇ. ಪಾಚಿ ಸಾಯುತ್ತದೆ, ನಿಜ. ಆದರೆ ತಾಮ್ರ ನೀರಲ್ಲಿ ಉಳಿದು ಕೊಳದ ಗೋಡೆಗೆ ಕಲೆ ಹಿಡಿಸುತ್ತದೆ, ಬಿಳಿಗೂದಲಿನವರ ತಲೆಗೆ ಹಸಿರು ಛಾಯೆ ಕೊಡುತ್ತದೆ. ಅದನ್ನೂ ಜನ ಕ್ಲೋರಿನ್ ಖಾತೆಗೇ ಹಾಕುತ್ತಾರೆ, ಪಾಪ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ಒಂದೇ ದಿನದಲ್ಲಿ ಹಸಿರಾದದ್ದು ಹಲವರಿಗೆ ನೆನಪಿರಬಹುದು. ಆಗಸ್ಟ್ 9ರಂದು ಜಗತ್ತೇ ಟಿ.ವಿ.ಯಲ್ಲಿ ನೋಡುತ್ತಿರುವಾಗ ಪಕ್ಕದ ಕೊಳ ನೀಲಿ, ಇದು ಪಚ್ಚೆ. ಮಾರನೆಯ ದಿನ ಪಕ್ಕದ್ದೂ ಅದೇ ಹಾದಿ ಹಿಡಿಯಿತು. ಆಮೇಲೆ ಹೊರಬಿದ್ದ ಸಂಗತಿ: ಆಗಸ್ಟ್ 5ರಂದು ಗುತ್ತಿಗೆದಾರರೊಬ್ಬರು 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಪೆರಾಕ್ಸೈಡೂ ಕ್ರಿಮಿನಾಶಕವೇ, ಆದರೆ ಕ್ಲೋರಿನ್ ಇರುವ ಕಡೆ ಬಂದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ವಿದ್ಯುನ್ಮಾನ ಮಾಪಕವೋ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತಂತೆ. ಕೊನೆಗೆ ಸಿಂಕ್ರೊನೈಸ್ಡ್ ಈಜಿನ ಸ್ಪರ್ಧೆಗಾಗಿ ಅಭ್ಯಾಸದ ಕೊಳದಿಂದ ರಾತ್ರೋರಾತ್ರಿ ನೀರು ಸಾಗಿಸಿ ತುಂಬಬೇಕಾಯಿತು. ಒಲಿಂಪಿಕ್ಸ್ ಮಟ್ಟದ ಪರಿಣತರಿಗೇ ಹೀಗಾದರೆ ಎಂದು ಹೋಮ್‌ಸ್ಟೇ ಮಾಲೀಕರು ಸಮಾಧಾನಪಟ್ಟುಕೊಳ್ಳಬಹುದು. ನಾನಾದರೆ ಬೇರೆ ಪಾಠ ಕಲಿಯುತ್ತೇನೆ: ಔಷಧಿಯ ಮೇಲೆ ಔಷಧಿ ಸುರಿಯುವ ಮೊದಲು ಒಂದು ಲೋಟ ನೀರನ್ನು ಕೈಯಾರೆ ಪರೀಕ್ಷಿಸುವುದು.

ಇಷ್ಟೆಲ್ಲ ತಲೆನೋವು ಯಾಕೆ, ನೀರು ನೋಡಲು ಚೆನ್ನಾಗಿದ್ದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಕೊಳದ ನೀಲಿ ಬಹುಪಾಲು ತಳದ ಟೈಲ್ಸ್ ಕೃಪೆ. ಪಟಿಕ ಹಾಕಿ ಕದಡನ್ನು ತಳಕ್ಕೆ ಕೂರಿಸಿದರೆ ನೀರು ಕನ್ನಡಿಯಾಗುತ್ತದೆ, ರೋಗಾಣು ಅಲ್ಲೇ ಇರುತ್ತದೆ. ಒಂದು ಪಿಪಿಎಂ ಮುಕ್ತ ಕ್ಲೋರಿನ್ ಇದ್ದರೆ ಇ. ಕೋಲಿ ಒಂದು ನಿಮಿಷ ಬದುಕದು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣುವಿಗೆ ಕಾಲು ಗಂಟೆ, ಜಿಯಾರ್ಡಿಯಾಕ್ಕೆ ಮುಕ್ಕಾಲು ಗಂಟೆ ಸಾಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಮಾತ್ರ ಹತ್ತು ದಿನಕ್ಕೂ ಹೆಚ್ಚು ತಡೆದುಕೊಳ್ಳುತ್ತದೆ. ಆದ್ದರಿಂದ ಭೇದಿಯಾಗಿರುವ ಮಗುವನ್ನು ಕೊಳಕ್ಕೆ ಇಳಿಸಬಾರದು ಎಂಬುದಕ್ಕೆ ಯಾವ ಕ್ಲೋರಿನ್ನೂ ಪರ್ಯಾಯವಲ್ಲ. ಇನ್ನು ಪಕ್ಕದ ಕೇರಳವನ್ನು ಕಂಗೆಡಿಸಿದ ‘ಮೆದುಳು ತಿನ್ನುವ ಅಮೀಬಾ’. ನೇಗ್ಲೇರಿಯಾ ಫೌಲೆರಿ ಎಂಬ ಈ ಜೀವಿ ಬೆಚ್ಚಗಿನ ಸಿಹಿನೀರಿನಲ್ಲಿದ್ದು, ಮೂಗಿನ ಮೂಲಕ ಮೆದುಳಿಗೆ ಏರುತ್ತದೆ. ಕುಡಿದ ನೀರಿನಿಂದ ಬರದು. ಬಂದವರಲ್ಲಿ ಉಳಿಯುವವರು ತೀರಾ ವಿರಳ. 2025ರಲ್ಲಿ ಅಲ್ಲಿ ಅಮೀಬಾ ಸೋಂಕಿನ ಪ್ರಕರಣಗಳು ಏರಿದಾಗ ಸರ್ಕಾರ ಬಾವಿ, ಟ್ಯಾಂಕುಗಳಿಗೆ ಕ್ಲೋರಿನ್ ಹಾಕಿಸುವ ಅಭಿಯಾನವನ್ನೇ ನಡೆಸಬೇಕಾಯಿತು. ಸರಿಯಾಗಿ ಕ್ಲೋರಿನ್ ಉಳಿದಿರುವ ಕೊಳ ಅದಕ್ಕೆ ನೆಲೆಯಲ್ಲ. ನಾಲ್ಕು ದಿನ ಬಿಸಿಲಿಗೆ ಬಿಟ್ಟ, ಯಾರೂ ಅಳೆಯದ, ಉಗುರುಬೆಚ್ಚಗಾದ ಕೊಳದ ಬಗ್ಗೆ ಆ ಭರವಸೆ ಕೊಡಲಾಗದು.

ಅಳೆಯುವುದು ಕಷ್ಟವೂ ಅಲ್ಲ. ಡಿಪಿಡಿ ಕಿಟ್ಟಿನಲ್ಲಿ ಮೊದಲ ಮಾತ್ರೆ ಹಾಕಿದಾಗ ಬರುವ ಗುಲಾಬಿ ಬಣ್ಣ ಮುಕ್ತ ಕ್ಲೋರಿನ್ನಿನದು, ಮುಂದಿನ ಮಾತ್ರೆಗೆ ಬಣ್ಣ ಏರಿದರೆ ಏರಿದಷ್ಟು ಸಂಯುಕ್ತ ಕ್ಲೋರಿನ್. ನೀರನ್ನು ಮೇಲಿಂದಲ್ಲ, ಮೊಣಕೈ ಮುಳುಗುವಷ್ಟು ಆಳದಿಂದ, ನೀರು ಒಳಬರುವ ತೂತಿನಿಂದ ದೂರದಲ್ಲಿ ತೆಗೆಯಬೇಕು. ಕ್ಲೋರಿನ್ ಹತ್ತು ದಾಟಿದ್ದರೆ ಬಣ್ಣವೇ ಬಿಳಿಚಿಕೊಂಡು ಸೊನ್ನೆ ಎಂಬ ಭ್ರಮೆ ಹುಟ್ಟಿಸುವುದೂ ಉಂಟು. ಆಗ ಅರ್ಧ ಶುದ್ಧ ನೀರು ಬೆರೆಸಿ ಮತ್ತೆ ನೋಡಬೇಕು.

ಈ ಕೆಲಸವೆಲ್ಲ ಮಾಡುವ ಹುಡುಗನ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ಪಂಪುಮನೆ ಎಂಬ ಕಿಟಕಿಯಿಲ್ಲದ ಗೂಡಿನಲ್ಲಿ ಹೈಪೋ ಕ್ಯಾನು, ಪಿಎಚ್ ಇಳಿಸುವ ಆಸಿಡ್ ಕ್ಯಾನು, ಮಾತ್ರೆಯ ಡ್ರಮ್ಮು ಎಲ್ಲ ಒಂದೇ ಮೂಲೆಯಲ್ಲಿರುತ್ತವೆ, ಹೈಪೋಗೂ ಆಸಿಡ್ಡಿಗೂ ಒಂದೇ ಮಗ್ಗು. ಹೈಪೋಗೆ ಆಸಿಡ್ ತಾಗಿದರೆ ಏಳುವುದು ಕ್ಲೋರಿನ್ ಅನಿಲ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಬಳಿ ಸೈನಿಕರ ಮೇಲೆ ಬಿಟ್ಟದ್ದೂ ಅದನ್ನೇ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಬಕೆಟ್ಟಿನ ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಹೊಯ್ಯಬಾರದು. ಇದನ್ನು ಅವನಿಗೆ ಅವನ ಭಾಷೆಯಲ್ಲಿ ಕೂರಿಸಿ ಹೇಳಿದವರು ಎಷ್ಟು ಜನ? ಕೊಳದ ಟೈಲ್ಸ್ ಆರಿಸಲು ಎರಡು ವಾರ ತೆಗೆದುಕೊಂಡ ಮನೆಯಲ್ಲಿ ಒಂದು ಜೊತೆ ರಬ್ಬರ್ ಕೈಗವಸು, ಒಂದು ಕನ್ನಡಕ, ಒಂದು ಪ್ರತ್ಯೇಕ ಮಗ್ಗಿಗೆ ಬರ ಬರುವುದು ನನಗೆ ಅರ್ಥವಾಗಿಲ್ಲ.

ಕೊಳ ಚೆನ್ನಾಗಿ ನೋಡಿಕೊಂಡರೆ ಇನ್ನೊಂದು ಲಾಭವಿದೆ, ನೀರು ಬದಲಿಸುವ ಪ್ರಮೇಯ ಪದೇ ಪದೇ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು, ತಪ್ಪಿದರೆ 5,000 ರೂಪಾಯಿ ದಂಡ. ಪಾಚಿಗಟ್ಟಿದ ಕೊಳವನ್ನು ಖಾಲಿ ಮಾಡಿ ಮತ್ತೆ ತುಂಬುವುದೇ ಸುಲಭ ಎಂಬ ಅಭ್ಯಾಸವಿದ್ದವರು ಆಗ ಕ್ಲೋರಿನ್ ಲೆಕ್ಕ ಕಲಿತಿರಬೇಕು.

ಖಾಲಿ ಮಾಡಲೇಬೇಕಾದರೂ ಹಾಗೇ ಹಳ್ಳಕ್ಕೆ ಬಿಡುವಂತಿಲ್ಲ. ನಮಗೆ ತೊಂದರೆ ಕೊಡದಷ್ಟು ಕ್ಲೋರಿನ್ ಮೀನಿನ ಕಿವಿರುಗಳಿಗೆ ವಿಷ. ಔಷಧಿ ಹಾಕುವುದನ್ನು ನಿಲ್ಲಿಸಿ ಬಿಸಿಲಿಗೆ ಬಿಡಬೇಕು. ಸಯನ್ಯೂರಿಕ್ ಆಮ್ಲವಿರುವ ನೀರಾದರೆ ಕ್ಲೋರಿನ್ ಬೇಗ ಹೋಗುವುದಿಲ್ಲ, ವಾರವೇ ಬೇಕಾದೀತು. ಆಮೇಲೆ ಕಿಟ್ಟಿನಲ್ಲಿ ಗುಲಾಬಿಯ ಸುಳಿವೂ ಕಾಣದಿದ್ದರೆ ವಾಲ್ವ್ ತಿರುಗಿಸಬಹುದು, ಅದೂ ತೆಂಗಿನ ಸಾಲಿನ ಕಡೆಗೆ. ಕಾಫಿ ಗಿಡಗಳ ಬುಡಕ್ಕೆ ಬೇಡ, ಅಷ್ಟು ದಿನದ ಔಷಧಿಯಿಂದ ನೀರಲ್ಲಿ ಕೂಡಿಕೊಂಡ ಉಪ್ಪನ್ನು ತೆಂಗು ತಡೆದೀತು, ಕಾಫಿ ತಡೆಯದು.